ಮೇಜಿನ ಮೇಲಿಟ್ಟ ಚಾಕು

ನಾಗಮಂಗಲ
3 ಮಾರ್ಚ್ 2025

ದೊಡ್ಡಮ್ಮ,

ನಿನ್ನ ಚಾಕು ಹೋಯಿತು. ಕಳೆದದ್ದಲ್ಲ, ಕಿತ್ತುಕೊಂಡರು. ಫೋನಿನಲ್ಲಿ ಹೇಳಲು ಹೋದರೆ "ಅಳ್ಬೇಡ ಕಣೆ, ಅರ್ಧ ಮಾತು ನುಂಗ್ತಿದ್ದೀಯ, ಬರ್ದು ಕಳ್ಸು" ಎಂದು ನೀನು ಫೋನಿಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಈಗ ಅಳುತ್ತಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಕಂಪನಿಗೆ ಹಾಲು ಹಾಕುವವರ ಮನೆಮನೆಗೆ ಸ್ಕೂಟರಿನಲ್ಲಿ ಹೋಗಿ ಹಸು ಎಮ್ಮೆ ನೋಡಬೇಕು, ಕಂಪನಿಯ ಪಶು ಆಹಾರ ಕೊಡಿಸಬೇಕು. ಜನವರಿಯಿಂದ ಬರುತ್ತಿರುವ ಮೂಟೆಗಳಲ್ಲಿ ಬೂಷ್ಟು. ನಮಗೆ ಹಾಲು ಹಾಕುವ ಬೀರಮ್ಮನ ಎರಡು ಎಮ್ಮೆ ಮೇವು ಬಿಟ್ಟವು. ಮೂರು ಸಲ ಹೇಳಿದರೂ ಆಫೀಸಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಶನಿವಾರ ತಿಂಗಳ ಮೀಟಿಂಗಿಗೆ ಬೀರಮ್ಮನ ಮನೆಯ ಒಂದು ಮೂಟೆಯನ್ನೇ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದೆ. ಎಲ್ಲರೂ ಕೂತಿದ್ದಾಗ ನಿನ್ನ ಚಾಕು ತೆಗೆದು ಹೊಲಿಗೆ ಕೊಯ್ದೆ. ಆ ವಾಸನೆಗೆ ಎಂಟು ಜನ ಗಂಡಸರು ಮೂಗು ಮುಚ್ಚಿಕೊಂಡರು.

ಹೊಸ ಮ್ಯಾನೇಜರ್ ಅಶೋಕ್ ಎದ್ದು ನಿಂತು, "ಏನ್ರೀ ಇದು, ಆಫೀಸಿಗೆ ಚಾಕು ತರ್ತೀರಾ? ಕೊಡಿ ಅದನ್ನ ಇಲ್ಲಿ" ಎಂದು ಕೈ ಚಾಚಿದರು. ನಾನು ಕೊಟ್ಟೆ. ಹೇಗೆ ಕೊಡುತ್ತೇವೋ ಹಾಗೆ. ಅವರ ಮುಂದೆ ಮೇಜಿನ ಮೇಲೆ ಇಟ್ಟೆ, ಹಿಡಿ ಅವರ ಕಡೆಗೆ, ಅಲಗು ನನ್ನ ಕಡೆಗೆ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎಂದು ನೀನೇ ಅಲ್ಲವೇ ಹೇಳಿಕೊಟ್ಟದ್ದು? ನನಗಿದನ್ನು ಕೊಟ್ಟ ದಿನವೂ ಜಗಲಿಯ ಮೇಲಿಟ್ಟು "ಎತ್ಕೊ" ಅಂದಿದ್ದೆ. ಜಗಳ ಬಾರದಿರಲಿ ಎಂದು ಇಟ್ಟೆ, ದೊಡ್ಡಮ್ಮ. ಸ್ವಲ್ಪ ಸದ್ದಾಯಿತು ನಿಜ, ನಿನ್ನ ಚಾಕು ಭಾರ. ಆ ಮನುಷ್ಯ ಹಾವು ಕಂಡವರ ಹಾಗೆ ಕುರ್ಚಿಯ ಹಿಂದಕ್ಕೆ ಹಾರಿದರು.

ಇವತ್ತು ನೋಟಿಸು ಬಂದಿದೆ. "ಹರಿತವಾದ ಆಯುಧವನ್ನು ಬಿಚ್ಚಿದ ಸ್ಥಿತಿಯಲ್ಲಿ ಮೇಲಧಿಕಾರಿಯ ಮುಂದೆ ಬಡಿದಿಟ್ಟು ಬೆದರಿಸಿದ್ದೀರಿ" ಎಂದು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಇಲ್ಲಿಗೆ ಬಿಡುತ್ತಾರಂತೆ. ಇಲ್ಲದಿದ್ದರೆ ವಿಚಾರಣೆ, ಆಮೇಲೆ ಕೆಲಸ ಇರುವುದೋ ಇಲ್ಲವೋ. ಅಲ್ಲಿಯವರೆಗೆ ಕೆಲಸಕ್ಕೆ ಬರಬಹುದು, ಚಾಕು ತರುವಂತಿಲ್ಲ.

ಏನು ಮಾಡಲಿ?

ರಂಜಿತ

•

ಕಿಕ್ಕೇರಿ
8 ಮಾರ್ಚ್ 2025

ರಂಜಿತ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೋಟಿಸಿನ ಸಾಲನ್ನು ನಾಲ್ಕು ಸಲ. ಅದರಲ್ಲಿ ಮೂಟೆ ಎಲ್ಲಿದೆ? ಬೂಷ್ಟು ಎಲ್ಲಿದೆ? ಬೀರಮ್ಮನ ಎಮ್ಮೆಗಳು ಎಲ್ಲಿವೆ? ಒಂದು ಹುಡುಗಿ ಕೆಟ್ಟ ಮೇವಿನ ಮೂಟೆ ತಂದು ಎಲ್ಲರ ಮುಂದೆ ಬಿಚ್ಚಿದಳು. ಕಾಗದಕ್ಕೆ ಬರುವ ಹೊತ್ತಿಗೆ ಮೂಟೆ ಮಾಯವಾಗಿ ಚಾಕು ಮಾತ್ರ ಉಳಿದಿದೆ. ಇಂಥ ಜಾಣತನವನ್ನು ನಾನು ಮೂವತ್ತನಾಲ್ಕು ವರ್ಷ ಕಂಡಿದ್ದೇನೆ. ದೂರು ಕೊಟ್ಟವಳ ಧ್ವನಿ ಜೋರಾಯಿತು, ಸೆರಗು ಸರಿಯಿರಲಿಲ್ಲ, ಬಾಗಿಲು ತಟ್ಟದೆ ಒಳಗೆ ಬಂದಳು. ದೂರು ಏನಿತ್ತು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಬರೆದುಕೊಡಬೇಡ. ಒಂದು ಅಕ್ಷರವನ್ನೂ ಬರೆದುಕೊಡಬೇಡ. ಬಾಯಲ್ಲಿ ಹೇಳಿದ "ತಪ್ಪಾಯ್ತು" ಗಾಳಿಗೆ ಹೋಗುತ್ತದೆ. ಬರೆದುಕೊಟ್ಟದ್ದು ಅವರ ಬೀರುವಿನಲ್ಲಿ ಕೂತು, ನೀನು ಮುದುಕಿಯಾಗುವವರೆಗೂ ಕಾಯುತ್ತದೆ.

ಆಯುಧವಂತೆ! ನಾನು ನರ್ಸ್ ಆಗಿ ಊರೂರು ನಡೆಯುತ್ತಿದ್ದ ಕಾಲದಲ್ಲಿ ಆ ಚಾಕು ನನ್ನ ಚೀಲದಲ್ಲಿತ್ತು. ಬ್ಯಾಂಡೇಜು ಬಟ್ಟೆ ಕತ್ತರಿಸಿದೆ, ಚಪ್ಪಲಿಗೆ ನೆಟ್ಟ ಮುಳ್ಳು ಕಿತ್ತೆ, ಹಸಿದಾಗ ಕಬ್ಬು ಸಿಗಿದು ತಿಂದೆ. ಹೊಕ್ಕುಳಬಳ್ಳಿಗೆ ಬೇರೆ ಕತ್ತರಿ ಇತ್ತು, ಕುದಿಸಿ ಇಟ್ಟದ್ದು. ಜನ ಕತೆ ಕಟ್ಟುತ್ತಾರೆ, ನಂಬಬೇಡ. ನಮ್ಮ ಕಡೆ ಪ್ರತಿ ಎರಡನೇ ಗಂಡಸಿನ ಬೈಕಿನಲ್ಲಿ ಎಳನೀರು ಕೊಚ್ಚುವ ಮಚ್ಚು ಇದೆ. ಅದಕ್ಕೆ ನೋಟಿಸಿಲ್ಲ. ಕಾನೂನನ್ನೂ ಹುಡುಕಿ ಓದಿದೆ. ಅವರು ಲೈಸೆನ್ಸು ಕೇಳುವುದು ಒಂಬತ್ತು ಅಂಗುಲ ಮೀರಿದ ಅಲಗಿಗೆ. ನಿನ್ನದು ಮೂರು.

ಈಗ ಕೆಲಸದ ಮಾತು. ಹೊಸ ಚಾಕು ಕೊಂಡುಕೋ. ಆಫೀಸಿಗೆ ತರಬೇಡಿ ಎಂದಿದ್ದಾರೆ, ಕೊಟ್ಟಿಗೆಗೆ ಒಯ್ಯಬೇಡ ಎಂದು ಯಾರಿಗೂ ಹೇಳುವ ಹಕ್ಕಿಲ್ಲ.

ಅಂಗಡಿಗೆ ಹೋದರೆ ಹೊಳಪು ನೋಡಬೇಡ, ಕೀಲು ನೋಡು. ಬಿಚ್ಚಿ ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸು; ಕೂದಲೆಳೆಯಷ್ಟು ಆಡಿದರೂ ಹಿಂದಿರುಗಿಸು. ಅಲಗು ನಿನ್ನ ನಾಲ್ಕು ಬೆರಳಿನ ಅಗಲಕ್ಕಿಂತ ಉದ್ದ ಬೇಡ. ಬಿಚ್ಚಿದ ಮೇಲೆ ಲಾಕು ಬೀಳಲೇಬೇಕು. ನನ್ನದಕ್ಕೆ ಲಾಕಿರಲಿಲ್ಲ, ಬಲಗೈ ತೋರುಬೆರಳಿನ ಗಾಯದ ಗುರುತುಗಳನ್ನು ನೀನು ಚಿಕ್ಕವಳಿದ್ದಾಗ ಎಣಿಸಿ ಆಡುತ್ತಿದ್ದೆಯಲ್ಲ, ಅವು ಅದರ ಕೊಡುಗೆಯೇ. ಒಂದೇ ಕೈಯಲ್ಲಿ ಬಿಚ್ಚಲು ಬರಬೇಕು, ನಿನ್ನ ಇನ್ನೊಂದು ಕೈಯಲ್ಲಿ ಯಾವಾಗಲೂ ಯಾವುದಾದರೊಂದು ಹಗ್ಗ ಇರುತ್ತದೆ. ಆದರೆ ಗುಂಡಿ ಒತ್ತಿದರೆ ಚಂಗನೆ ಹಾರುವ ಜಾತಿ ಬೇಡ. ಅದನ್ನು ಮಾಡಿರುವುದೇ ಹೆದರಿಸಲು, ನಮಗೆ ಕೊಯ್ಯುವುದು ಸಾಕು. ಗರಗಸದ ಹಲ್ಲಿರುವುದೂ ಬೇಡ, ಮನೆಯ ಸಾಣೆಕಲ್ಲಿಗೆ ಅದು ಬಗ್ಗುವುದಿಲ್ಲ. ಕತ್ತರಿ, ಚಮಚ, ಬಾಟಲಿ ಮುಚ್ಚಳ ತೆಗೆಯುವುದು ಎಲ್ಲ ಸೇರಿಸಿದ ಸಂಸಾರವಂತ ಚಾಕುವೂ ಬೇಡ. ಹಿಡಿ ಒರಟಾಗಿರಲಿ, ಹಾಲು ಸಗಣಿ ಮೆತ್ತಿದ ಕೈಯಲ್ಲಿ ಜಾರಬಾರದು. ಬಣ್ಣ ಕಣ್ಣಿಗೆ ಹೊಡೆಯುವಂತಿರಲಿ, ಹುಲ್ಲಿನಲ್ಲಿ ಬಿದ್ದರೆ ಸಿಗಬೇಕು.

ಇವತ್ತು ಮಹಿಳಾ ದಿನವಂತೆ. ನಿನ್ನ ಕಂಪನಿಯವರು ಹೂ ಕೊಟ್ಟರಾ?

ನಿನ್ನ ದೊಡ್ಡಮ್ಮ,
ಪುಟ್ಟಲಕ್ಷ್ಮಮ್ಮ

•

ನಾಗಮಂಗಲ
24 ಮಾರ್ಚ್ 2025

ದೊಡ್ಡಮ್ಮ,

ಹೂ ಕೊಡಲಿಲ್ಲ, ಚಾಕಲೇಟು ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ.

ಹೋದ ಬುಧವಾರ ನಡೆದದ್ದನ್ನು ಮೊದಲು ಬರೆಯುತ್ತೇನೆ, ಬರೆದರೆ ಹಗುರವಾಗಬಹುದು. ಬೀರಮ್ಮನ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಸದ್ದು. ಹೆಣ್ಣು ಕರು ಗೂಟ ಸುತ್ತಿ ಸುತ್ತಿ ನೈಲಾನ್ ಹಗ್ಗ ಕುತ್ತಿಗೆಗೆ ಬಿಗಿದುಕೊಂಡಿತ್ತು. ಮುಂಗಾಲು ಮಡಚಿ ಬಿದ್ದಿತ್ತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಚೀಲದಲ್ಲಿ ಏನಿದೆ? ರಸೀದಿ ಪುಸ್ತಕ. ಗಂಟು ಬಿಚ್ಚಲು ಉಗುರು ಹಾಕಿದೆ, ಎರಡು ಉಗುರು ಕಿತ್ತುಬಂದವು. ಬೀರಮ್ಮ "ಕುಡ್ಲು ಎಲ್ಲೋಯ್ತು, ಕುಡ್ಲು ಎಲ್ಲೋಯ್ತು" ಎಂದು ಮನೆಯೆಲ್ಲ ಓಡಾಡಿದಳು, ಕುಡುಗೋಲು ಗದ್ದೆಯಲ್ಲಿತ್ತು. ಪಕ್ಕದ ಮನೆಯಿಂದ ಮಚ್ಚು ಬರುವ ಹೊತ್ತಿಗೆ ಕರುವಿನ ನಾಲಿಗೆ ಹೊರಗೆ ಬಂದಿತ್ತು.

ಬೀರಮ್ಮ ನನ್ನನ್ನು ಬೈಯಲಿಲ್ಲ. ಕರುವಿನ ಕುತ್ತಿಗೆಯ ಹಗ್ಗ ತೆಗೆಯುತ್ತ, "ನಿನ್ ತಾವು ಒಂದು ಚಾಕ ಇತ್ತಲ್ಲವ್ವಾ, ಎಲ್ಲಿ ಅದು?" ಎಂದು ಕೇಳಿದಳು. ಅಷ್ಟೇ.

ಭಾನುವಾರವೇ ಹೊರಟೆ. ಕೆ.ಆರ್. ಪೇಟೆಯ ಹಾರ್ಡ್‌ವೇರ್ ಅಂಗಡಿಯವನು ಈರುಳ್ಳಿ ಹೆಚ್ಚುವ ಚಾಕುಗಳನ್ನೇ ಒಂದಾದ ಮೇಲೊಂದು ತೋರಿಸಿದ. ಮಡಚುವುದು ಬೇಕು ಎಂದರೆ, "ಮಡಿಚಿ ಎಲ್ಲಿಗೆ ಹೊಂಟೆ ತಾಯಿ?" ಎಂದ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೋದೆ. ಕೋಟೆ ನೋಡಲು ಬರುವವರಿಗೆ ಮಾರುವ ಅಂಗಡಿಗಳಲ್ಲಿ ಹುಲಿ ಮುಖದ ಹಿಡಿ, ಹದ್ದಿನ ರೆಕ್ಕೆಯ ಹಿಡಿ, ಗುಂಡಿ ಒತ್ತಿದರೆ ಹಾರುವವು. ಒಂದರ ಅಲಗನ್ನು ನೀನು ಹೇಳಿದಂತೆ ಅಲ್ಲಾಡಿಸಿದೆ, ತೊಟ್ಟಿಲಿನ ಹಾಗೆ ತೂಗಿತು. ಕೊನೆಗೆ ಪಾಂಡವಪುರ. ಬಸ್ ನಿಲ್ದಾಣದ ಹತ್ತಿರ ಹಗ್ಗ, ಬೀಗ, ಟಾರ್ಚು ಮಾರುವ ಒಂದು ಚಿಕ್ಕ ಅಂಗಡಿ.

"ತರ್ಕಾರಿಗಾ ಅಕ್ಕಾ?"

"ಅಲ್ಲ, ಜೇಬಿಗೆ."

"ಯಜಮಾನ್ರಿಗಾ?"

"ನನಗೆ."

"ನಿಮ್ಗ್ಯಾಕಕ್ಕ ಚಾಕು?"

"ನಿಮ್ಗ್ಯಾಕಣ್ಣ ಅಂಗ್ಡಿ?"

ಅವನು ನಕ್ಕು, ಮೊದಲು ಗುಲಾಬಿ ಬಣ್ಣದ್ದೊಂದು ತೆಗೆದ. ಬೆರಳುದ್ದ, ಕೀ ಗೊಂಚಲಿಗೆ ತೂಗುಹಾಕುವಂಥದ್ದು. "ಲೇಡೀಸ್ ಮಾಡ್ಲು" ಅಂದ. ಇದು ನೈಲಾನ್ ಹಗ್ಗ ಕೊಯ್ಯುತ್ತದಾ ಎಂದು ಕೇಳಿದೆ. ಗಲ್ಲೆಯ ಪಕ್ಕದ ಹಗ್ಗದ ಸುರುಳಿಯಿಂದ ಒಂದು ಮೊಳ ಎಳೆದು, "ನೀವೇ ನೋಡಿ" ಎಂದ. ಗುಲಾಬಿ ಹಗ್ಗವನ್ನು ನೆಕ್ಕಿತು ಅಷ್ಟೇ. ಆಮೇಲೆ ಅವನಿಗೂ ಹಟ ಬಂತು. ಒಳಗಿನಿಂದ ಒಂದು ಡಬ್ಬ ತಂದ. ಐದು ಚಾಕು ನೋಡಿದೆವು. ಒಂದರ ಲಾಕು ಹೆಬ್ಬೆರಳಿಗೆ ಬಗ್ಗಲಿಲ್ಲ, ಒಂದರ ಹಿಡಿ ಕನ್ನಡಿಯಷ್ಟು ನುಣುಪು, ಒಂದು ಜೇಬನ್ನೇ ಎಳೆದುಹಾಕುವಷ್ಟು ಭಾರ. ನಾಲ್ಕನೆಯದು ಕಿತ್ತಳೆ ಬಣ್ಣದ ಒರಟು ಹಿಡಿ, ಮೂರು ಅಂಗುಲದ ತುಕ್ಕು ಹಿಡಿಯದ ಅಲಗು. ಹೆಬ್ಬೆರಳಲ್ಲಿ ತಳ್ಳಿದರೆ ಬಿಚ್ಚಿ ಟಕ್ ಎಂದು ನಿಂತಿತು. ಹಗ್ಗ ಒಂದೇ ಎಳೆತಕ್ಕೆ ಎರಡು ತುಂಡು. ಅವನು ಅದನ್ನು ಮಡಚಿ ಗಲ್ಲೆಯ ಮೇಲಿಟ್ಟು, ನಾನು ಎತ್ತಿಕೊಳ್ಳುವವರೆಗೆ ಕೈ ಕಟ್ಟಿಕೊಂಡು ನಿಂತಿದ್ದ. ಪಾಂಡವಪುರದವನಿಗೂ ಗೊತ್ತಿದೆ ನೋಡು.

ಇನ್ನೊಂದು ತೊಡಕು. ನನ್ನ ಯಾವ ಚೂಡಿದಾರಕ್ಕೂ ಜೇಬಿಲ್ಲ! ಟೈಲರು "ಜೇಬು ಇಟ್ರೆ ಸೊಂಟದ ಹತ್ರ ಉಬ್ಬುತ್ತೆ ಮೇಡಂ" ಎಂದಳು. ಉಬ್ಬಲಿ ಎಂದೆ.

ವಿಚಾರಣೆ ಏಪ್ರಿಲ್ ಇಪ್ಪತ್ತೊಂದಕ್ಕೆ. ಕರು ಸತ್ತ ದಿನ ಏನೋ ಒಂದು ತೀರ್ಮಾನವಾಯಿತು ನನ್ನೊಳಗೆ. ಬರೆದುಕೊಡುವುದಿಲ್ಲ.

ರಂಜಿತ

•

ಕಿಕ್ಕೇರಿ
6 ಏಪ್ರಿಲ್ 2025

ರಂಜಿತ,

ಚಾಕು ಒಳ್ಳೆಯದನ್ನೇ ಆರಿಸಿದ್ದೀಯ. ವಾರಕ್ಕೊಮ್ಮೆ ಕೀಲಿಗೆ ಒಂದು ತೊಟ್ಟು ಎಣ್ಣೆ ಬಿಡು.

ನಿನ್ನ ಅಮ್ಮ ಬೂಕನಕೆರೆಯಿಂದ ಬಂದಿದ್ದಳು. ಲತ ಚಿಕ್ಕಂದಿನಿಂದಲೂ ಹಾಗೇ, ಮಾತಾಡುವುದಕ್ಕೆ ಮುಂಚೆ ಸೆರಗಿನ ತುದಿ ಬಾಯಿಗೆ ಹೋಗುತ್ತದೆ. ಎರಡು ದಿನ ಇದ್ದಳು. "ಅಕ್ಕಾ, ನೀನು ಪೆನ್ಸನ್ ತಕ್ಕಂಡು ಕೂತಿದ್ದೀಯ. ನೀನು ಏನು ಬೇಕಾದ್ರೂ ಬರೀಬೋದು. ಕೆಲ್ಸ ಕಳ್ಕಳೋದು ನನ್ ಮಗ್ಳು" ಎಂದಳು. ಹೊರಡುವಾಗ ಅವಳನ್ನು ಬಸ್ಸು ಹತ್ತಿಸಿ ಬಂದೆ.

ಅವಳಿಗೆ ಒಂದು ಫೋನು ಮಾಡು. ಬಿಸಿಲು ಹೆಚ್ಚಾಗಿದೆ, ಮಧ್ಯಾಹ್ನ ಸ್ಕೂಟರ್ ತೆಗೆಯಬೇಡ.

ನಿನ್ನ ದೊಡ್ಡಮ್ಮ

•

ನಾಗಮಂಗಲ
22 ಏಪ್ರಿಲ್ 2025

ದೊಡ್ಡಮ್ಮನವರಿಗೆ,

ನಿನ್ನೆ ವಿಚಾರಣೆ ನಡೆಯಿತು. ಹೆಡ್ ಆಫೀಸಿನಿಂದ ಒಬ್ಬ ಮೇಡಂ ಬಂದಿದ್ದರು. ನಾನು ಎಲ್ಲವನ್ನೂ ಹೇಳಿದೆ. ಮೂಟೆಯ ವಿಷಯ, ಕರುವಿನ ವಿಷಯ, ಚಾಕು ಕೈಗೆ ಕೊಡಬಾರದೆಂಬ ವಿಷಯ. ಮೇಡಂ ಬರೆದುಕೊಳ್ಳುತ್ತಿದ್ದರು. ಆಗ ಅಶೋಕ್ ಅವರು ಫೈಲಿನಿಂದ ಒಂದು ಹಾಳೆ ತೆಗೆದು ಓದಿದರು.

"ನನ್ನ ತಂಗಿಯ ಮಗಳು ತಿಳಿಯದೆ ದುಡುಕಿದ್ದಾಳೆ. ಮುಂಗೋಪ ಅವಳ ಹುಟ್ಟುಗುಣ. ತಾವು ದೊಡ್ಡ ಮನಸ್ಸು ಮಾಡಿ ಈ ಒಂದು ಸಲ ಕ್ಷಮಿಸಬೇಕಾಗಿ ಅವಳ ಪರವಾಗಿ ಬೇಡುತ್ತೇನೆ."

ಕೆಳಗೆ ನಿಮ್ಮ ಸಹಿ. ನಿವೃತ್ತ ಆರೋಗ್ಯ ಸಹಾಯಕಿ, ಕಿಕ್ಕೇರಿ. ಏಪ್ರಿಲ್ ಎಂಟನೆಯ ತಾರೀಕು. ಅಕ್ಷರ ಎಂದಿನಂತೆ ದುಂಡಗಿತ್ತು.

"ನಿಮ್ಮ ಹಿರಿಯರೇ ಒಪ್ಪಿಕೊಂಡಿದ್ದಾರಲ್ಲಮ್ಮ" ಎಂದು ಮೇಡಂ ಪೆನ್ನು ಕೆಳಗಿಟ್ಟರು. ಮುಂದಿನ ವಿಚಾರಣೆ ಮೇ ಇಪ್ಪತ್ತಾರಕ್ಕೆ. ಅಷ್ಟರಲ್ಲಿ ನಾನೂ ಬರೆದುಕೊಟ್ಟರೆ ಒಳ್ಳೆಯದಂತೆ.

ಒಂದು ಅಕ್ಷರವನ್ನೂ ಬರೆದುಕೊಡಬೇಡ ಎಂದು ನನಗೆ ಬರೆದವರು ಯಾರು? ನೀವು ಹೇಳಿದ್ದಕ್ಕೆ ನಾನು ಗಟ್ಟಿಯಾಗಿ ನಿಂತೆ ಎಂದುಕೊಳ್ಳಬೇಡಿ. ಆದರೆ ಹಿಂದೆ ಯಾರೋ ನಿಂತಿದ್ದಾರೆ ಎಂದುಕೊಂಡಿದ್ದೆ.

ಇದಕ್ಕೆ ಉತ್ತರ ಬೇಡ.

ಇತಿ,
ರಂಜಿತ ಬಿ.ಎಲ್.

•

ಕಿಕ್ಕೇರಿ
11 ಮೇ 2025

ರಂಜಿತ,

ಉತ್ತರ ಬೇಡ ಎಂದಿದ್ದೀಯ. ಇದು ಉತ್ತರವಲ್ಲ, ತಪ್ಪೊಪ್ಪಿಗೆ. ತಪ್ಪು ಮಾಡಿದವರು ಬರೆದುಕೊಡಬೇಕಾದದ್ದೇ.

ನಿನ್ನ ಕಾಗದದಲ್ಲಿ "ನೀವು" ಎಂದು ಕಂಡಾಗ ಕನ್ನಡಕ ತೆಗೆದಿಟ್ಟೆ. ಬೈದಿದ್ದರೆ ಹಿತವಾಗಿರುತ್ತಿತ್ತು.

ಹೌದು, ನಾನೇ ಬರೆದೆ. ಲತ ಹೋದ ಮೇಲೆ ಎರಡು ದಿನ ತಡೆದು, ಮೂರನೆಯ ದಿನ ಬರೆದು, ಅಂಚೆ ಡಬ್ಬಕ್ಕೆ ಹಾಕಿ, ಮನೆಗೆ ಬಂದು ಊಟ ಮಾಡಿದೆ. ನಿನ್ನಿಂದ ಮುಚ್ಚಿಟ್ಟೆ. ಲತಳ ಮೇಲೆ ಹಾಕುವುದಿಲ್ಲ. ಅವಳು ಅತ್ತಳು, ಬರೆದ ಕೈ ನನ್ನದು.

ಯಾಕೆ ಎಂದು ಹೇಳುತ್ತೇನೆ, ಸಮರ್ಥನೆ ಎಂದು ತಿಳಿಯಬೇಡ. ನನ್ನ ಜೊತೆ ನರ್ಸಿಂಗ್ ಓದಿದ ಸಂಘಮಿತ್ರಾ ಎಂಬವಳಿದ್ದಳು. ನಾನು ಸರ್ಕಾರಿ ಕೆಲಸಕ್ಕೆ ಸೇರಿದೆ, ಅವಳು ಒಂದು ಖಾಸಗಿ ನರ್ಸಿಂಗ್ ಹೋಮಿಗೆ. 1989ರಲ್ಲಿ ಅಲ್ಲಿ ಒಂದು ಮಗು ಹೋಯಿತು. ರಾತ್ರಿ ಪಾಳಿಯ ವೈದ್ಯ ಬಂದಿರಲಿಲ್ಲ ಎಂದು ಇವಳು ಹೇಳಿದಳು. "ವೈದ್ಯರನ್ನು ಕರೆಯಲು ನಾನೇ ಮರೆತೆ" ಎಂದು ಬರೆದುಕೊಡು ಎಂದರು. ಬರೆಯಲಿಲ್ಲ. ಕೆಲಸ ಹೋಯಿತು. ಮಂಡ್ಯ ಸೀಮೆಯಲ್ಲಿ ಯಾವ ಆಸ್ಪತ್ರೆಯೂ ಅವಳನ್ನು ಸೇರಿಸಲಿಲ್ಲ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಇದೆಲ್ಲ ನನಗೆ ತಾರೀಕು ಸಮೇತ ನೆನಪಿದೆ. ನೆನಪು ಗಟ್ಟಿಯಿದ್ದವರಿಗೆ ಧೈರ್ಯ ಬರುತ್ತದೆ ಎಂದು ಪುಸ್ತಕಗಳಲ್ಲಿ ಓದಿದ್ದೆ. ನನಗೆ ಭಯ ಬಂತು. ನಿನ್ನ ಜಾಗದಲ್ಲಿ ಅವಳನ್ನು ಕಂಡೆ.

ನಿನ್ನ ಕಾಗದ ಬಂದ ಮೇಲೆ ಅವಳನ್ನು ಹುಡುಕಿಕೊಂಡು ಹೋದೆ. ಪಾಂಡವಪುರದಲ್ಲಿದ್ದಾಳೆ. ಅವಳನ್ನು ನೋಡಿ ಮೂವತ್ತಾರು ವರ್ಷ ಆಗಿತ್ತು. ಮನೆಯ ಮುಂದೆ ಔಷಧಿ ಅಂಗಡಿ, ತಾನೇ ಕೂರುತ್ತಾಳೆ. ನನ್ನನ್ನು ನೋಡಿ, "ಏನೇ ಪುಟ್ಟಿ, ದಾರಿ ತಪ್ಪಿ ಬಂದ್ಬುಟ್ಟೆಯಾ?" ಎಂದಳು.

ನಿನ್ನ ಕತೆಯೆಲ್ಲ ಹೇಳಿದೆ. ನಾನು ಬರೆದ ಕಾಗದದ ಮಾತನ್ನೂ ಹೇಳಿದೆ. ಆಮೇಲೆ ಕೇಳಿದೆ, ಅಂದು ಬರೆದುಕೊಡಬೇಕಿತ್ತು ಅಂತ ಯಾವತ್ತಾದರೂ ಅನಿಸಿತ್ತೇನೇ?

"ಒಂದಿನಾನೂ ಇಲ್ಲ ಕಣೆ" ಎಂದಳು. "ಕೆಲ್ಸ ಹೋದುದ್ದು ಒಂದು ವರ್ಸ ನೋಯ್ತು. ಮದ್ವೆ ಮುರಿದುದ್ದು ಒಳ್ಳೇದೇ ಆಯ್ತು, ಅವ್ನು ಅಂತೋನೆ. ಆದ್ರೆ ನೀವು ಹನ್ನೊಂದು ಜನ ಜೊತೇಲಿ ಓದ್ದೋರು, ಒಬ್ರಾದ್ರೂ ಬಂದು ಬಾಗ್ಲು ತಟ್ಟಿದ್ರಾ? ಅದು ಇವತ್ತಿಗೂ ನೋಯ್ತದೆ."

ನನ್ನ ನೆನಪಿನಲ್ಲಿ ಆ ಭಾಗ ಇರಲಿಲ್ಲ, ರಂಜಿತ. ಅವಳಿಗೆ ಅನ್ಯಾಯ ಮಾಡಿದವರ ಪಟ್ಟಿಯನ್ನು ಇಷ್ಟು ವರ್ಷ ಬಾಯಿಪಾಠ ಇಟ್ಟುಕೊಂಡಿದ್ದೆ. ಅದರಲ್ಲಿ ನನ್ನ ಹೆಸರು ಬರೆದುಕೊಂಡಿರಲಿಲ್ಲ.

ನಿನ್ನೆ ನಿನ್ನ ಆಫೀಸಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಕಾಗದ ಕಳಿಸಿದ್ದೇನೆ. ಅದರ ಮಾತು ಇಷ್ಟು: "ಏಪ್ರಿಲ್ 8ರ ನನ್ನ ಪತ್ರವನ್ನು ಹಿಂತೆಗೆದುಕೊಂಡಿದ್ದೇನೆ. ಅದನ್ನು ರಂಜಿತಳಿಗೆ ತಿಳಿಸದೆ, ಅವಳ ಕೆಲಸ ಹೋಗಬಹುದೆಂಬ ಹೆದರಿಕೆಯಿಂದ ಬರೆದೆ. ಮಾರ್ಚ್ 1ರಂದು ನಾನು ಅಲ್ಲಿರಲಿಲ್ಲ; ಕಾಣದ್ದನ್ನು ಒಪ್ಪಿಕೊಳ್ಳಲು ನನಗೆ ಅಧಿಕಾರವಿಲ್ಲ. ಅವಳಿಗೆ ಮುಂಗೋಪವಿದೆ ಎಂದು ಬರೆದದ್ದು ಸುಳ್ಳು. ಮೂರು ಸಲ ಬಾಯಲ್ಲಿ ಹೇಳಿ, ನಾಲ್ಕನೆಯ ಸಲ ಮೂಟೆ ಹೊತ್ತು ತಂದವಳಿಗೆ ಇರುವುದು ತಾಳ್ಮೆ."

ಇಪ್ಪತ್ತಾರಕ್ಕೆ ನಾನು ಬರುತ್ತೇನೆ. ಬರಬೇಡ ಎಂದರೂ ಬರುತ್ತೇನೆ. ನೀನು ಮಾತಾಡಿಸಬೇಕೆಂದಿಲ್ಲ.

ಪುಟ್ಟಲಕ್ಷ್ಮಮ್ಮ

•

ನಾಗಮಂಗಲ
28 ಮೇ 2025

ದೊಡ್ಡಮ್ಮ,

ನೀನು ಬಂದದ್ದನ್ನು ನೋಡಿದೆ. ಗೇಟಿನವನು ಒಳಗೆ ಬಿಡಲಿಲ್ಲ, ನೀನು ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೊಡೆ ಹಿಡಿದು ನೆಟ್ಟಗೆ ಕೂತಿದ್ದೆ. ಪಕ್ಕದಲ್ಲಿ ಬಿಳಿ ಕೂದಲಿನ ಇನ್ನೊಬ್ಬರು. ಸಂಘಮಿತ್ರಾ ಅವರೇ ಇರಬೇಕು ಎಂದುಕೊಂಡೆ. ಸಂಜೆ ಹೊರಗೆ ಬಂದಾಗಲೂ ಇದ್ದಿರಿ. ನಾನು ಮಾತಾಡಿಸದೆ ಸ್ಕೂಟರ್ ಹತ್ತಿದೆ. ಕೋಪ ಇನ್ನೂ ಪೂರ್ತಿ ಇಳಿದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಒಳಗೆ ನಡೆದದ್ದನ್ನು ನಿನಗೆ ಹೇಳದಿದ್ದರೆ ಬೇರೆ ಯಾರಿಗೆ ಹೇಳಲಿ?

ನಿನ್ನ ಎರಡನೆಯ ಕಾಗದವನ್ನು ಮೇಡಂ ತಾವೇ ಓದಿಕೊಂಡರು, ಗಟ್ಟಿಯಾಗಿ ಓದಲಿಲ್ಲ. ಮುಖ ಸ್ವಲ್ಪ ಬಿಗಿಯಾಯಿತು. "ಆ ಚಾಕು ಎಲ್ಲಿದೆ, ನಾನು ನೋಡಿಯೇ ಇಲ್ಲ" ಎಂದರು. ಅಶೋಕ್ ಬೀರುವಿನ ಕೀ ಕೊಟ್ಟು ಕುಳ್ಳಯ್ಯನನ್ನು ಕಳಿಸಿದರು. ಕುಳ್ಳಯ್ಯ ಆಫೀಸಿನ ಹಳೇ ಅಟೆಂಡರು, ನಾಗಮಂಗಲದವನೇ. ಕವರು ಹಿಡಿದು ಬಂದ.

"ಬಿಚ್ಚಿ ಕೊಡಿ" ಎಂದರು ಮೇಡಂ.

ಕುಳ್ಳಯ್ಯ ಚಾಕು ಹೊರಗೆ ತೆಗೆದ, ಉಗುರು ಹಾಕಿ ಅಲಗು ಬಿಚ್ಚಿದ. ಮೇಡಂ ಕೈ ಚಾಚಿದರು. ಅವನು ಆ ಕೈಯನ್ನು ದಾಟಿಸಿ, ಅವರ ಮುಂದೆ ಮೇಜಿನ ಮೇಲೆ ಇಟ್ಟ. ಟಣ್ ಎಂದಿತು. ಹಿಡಿ ಅವರ ಕಡೆಗೆ.

ಅಶೋಕ್ ಅವರಿಗೆ ಇನ್ನೂ ತಲೆಗೆ ಹೋಗಿರಲಿಲ್ಲ. "ಏನಯ್ಯ, ಮೇಡಂ ಕೈ ಚಾಚಿದ್ದಾರೆ, ಕೈಗೆ ಕೊಡಕ್ಕಾಗಲ್ವಾ?" ಎಂದರು.

"ಬುಡ್ತು ಅನ್ನಿ ಸಾ" ಎಂದ ಕುಳ್ಳಯ್ಯ. "ಚಾಕ ಯಾರಾದ್ರೂ ಕೈಗೆ ಕೊಟ್ಟಾರಾ? ನಾಳೀಕೆ ನಂಗೂ ಮೇಡಮ್ಮಾರ್ಗೂ ಜಗ್ಳ ಬಂದ್ರೆ ಯಾರ್ ಹೊಣೆ? ತಕ್ಕಳಿ ಮೇಡಮ್ಮಾರೆ, ಹಿಡಿ ನಿಮ್ ಕಡೀಕೇ ಅದೆ."

"ಕೈಗೆ ಕೊಡಯ್ಯ ಅಂದ್ರೆ!"

"ಕೊಡಾಕಿಲ್ಲ ಸಾ. ಬೇಕಾದ್ರೆ ನನ್ ಕೆಲ್ಸದಿಂದ ತೆಗೀರಿ."

ಅವನು ತಮಾಷೆ ಮಾಡುತ್ತಿರಲಿಲ್ಲ. ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಯಾವ ಕಾರಣಕ್ಕೆ ವಿಚಾರಣೆ ಎನ್ನುವುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ನಾನು ಎದ್ದು, "ಸರ್, ಇವರಿಗೂ ಒಂದು ನೋಟಿಸ್ ಕೊಡಿ" ಎಂದೆ. ಮೇಡಂ ತಲೆ ತಗ್ಗಿಸಿ ಫೈಲಿನಲ್ಲಿ ಏನನ್ನೋ ಹುಡುಕಿದರು. ಅವರ ಭುಜ ಅಲುಗುತ್ತಿತ್ತು.

ಅಶೋಕ್ ಅವರ ಮುಖ ನೋಡಿದೆ ದೊಡ್ಡಮ್ಮ. ಅವತ್ತು ಅವರು ನಿಜವಾಗಿಯೂ ಹೆದರಿದ್ದರು, ಅದು ನಾಟಕವಲ್ಲ ಎಂದು ಆಗ ತಿಳಿಯಿತು. ಅದಕ್ಕೆ ನನಗೆ ಬೇಸರವಿದೆ. ಆದರೆ ಹೆದರಿಕೆ ಇಳಿದ ಮೇಲೆ ನನ್ನನ್ನು ಕರೆದು, ಯಾಕಮ್ಮ ಹಾಗಿಟ್ಟೆ ಎಂದು ಕೇಳಬಹುದಿತ್ತು. ಕೇಳಿದ್ದರೆ ಮೂಟೆಯ ಮಾತನ್ನೂ ಕೇಳಬೇಕಾಗುತ್ತಿತ್ತು.

ಬೆದರಿಕೆಯ ಆರೋಪ ಬಿದ್ದುಹೋಯಿತು. ನಿನ್ನ ಚಾಕು ವಾಪಸ್ ಕೊಟ್ಟರು, ಕುಳ್ಳಯ್ಯನೇ ಮೇಜಿನ ಮೇಲಿಟ್ಟ. ಆದರೆ ಮುಗಿದಿಲ್ಲ. ಹೊರಡುವ ಮೊದಲು ಅಶೋಕ್ ಒಂದು ಹಾಳೆ ಟೈಪು ಮಾಡಿಸಿ ತಂದರು. "ನಡೆದ ಘಟನೆಗೆ ವಿಷಾದಿಸುತ್ತೇನೆ. ಇನ್ನು ಮುಂದೆ ಕೆಲಸದ ವೇಳೆಯಲ್ಲಿ ಯಾವುದೇ ಚಾಕು ಒಯ್ಯುವುದಿಲ್ಲ." ಎರಡೇ ಸಾಲು. ಶನಿವಾರ ಏಳನೆಯ ತಾರೀಕಿನೊಳಗೆ ಸಹಿ ಮಾಡದಿದ್ದರೆ ಸೋಮವಾರದಿಂದ ಬರಬೇಕಾಗಿಲ್ಲವಂತೆ. ಮೇಡಂ ಕೂಡ, "ಮಾಡಿಬಿಡಮ್ಮ, ಇದರಲ್ಲಿ ತಪ್ಪು ಒಪ್ಪಿಕೊಂಡ ಹಾಗೇನೂ ಇಲ್ಲ" ಎಂದರು. ಅಮ್ಮನೂ ಅದೇ ಹೇಳುತ್ತಾಳೆ.

ಎರಡು ಸಾಲನ್ನು ಎದುರಿಗಿಟ್ಟುಕೊಂಡು ಕೂತಿದ್ದೇನೆ. ಸಲಹೆ ಕೇಳುತ್ತಿಲ್ಲ.

ರಂಜಿತ

•

ನಾಗಮಂಗಲ
6 ಜೂನ್ 2025

ಶ್ರೀ ಅಶೋಕ್ ಅವರಿಗೆ,
ಏರಿಯಾ ಮ್ಯಾನೇಜರ್

ತಾವು ಕೊಟ್ಟ ಹಾಳೆಯನ್ನು ಸಹಿ ಇಲ್ಲದೆ ಇದರ ಜೊತೆ ಹಿಂದಿರುಗಿಸಿದ್ದೇನೆ.

ಮಾರ್ಚ್ 1ರಂದು ತಾವು ಹೆದರಿದ್ದು ನಿಜ. ತಮ್ಮನ್ನು ಹೆದರಿಸುವುದು ನನ್ನ ಮನಸ್ಸಿನಲ್ಲಿರಲಿಲ್ಲ. ಇದನ್ನು ಹೇಳಲು ಯಾರೂ ನನಗೆ ಟೈಪು ಮಾಡಿಕೊಡಬೇಕಾಗಿಲ್ಲ, ನಾನೇ ಹೇಳುತ್ತೇನೆ. ಆದರೆ ಆ ದಿನ ನಡೆದ ಘಟನೆ ಯಾವುದು ಎಂಬುದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿದೆ. ನನ್ನ ಪ್ರಕಾರ ಆ ದಿನದ ಘಟನೆ ಬೂಷ್ಟು ಹಿಡಿದ ಮೂಟೆ. ಅದಕ್ಕೆ ವಿಷಾದಿಸಬೇಕಾದವಳು ನಾನಲ್ಲ. ಆ ಮೂಟೆ ಈಗಲೂ ಗೋಡೌನಿನ ಮೂಲೆಯಲ್ಲಿದೆ, ಅದರ ಜೊತೆಗೆ ಬಂದ ಇನ್ನೂ ಅರವತ್ತು ಮೂಟೆ ಹಳ್ಳಿಗಳಿಗೆ ಹೋಗಿವೆ. ಯಾವ ಮನೆಗೆ ಎಷ್ಟು ಎಂದು ಬರೆದು ಈ ಕಾಗದಕ್ಕೆ ಲಗತ್ತಿಸಿದ್ದೇನೆ. ಇದೇ ಪಟ್ಟಿಯನ್ನು ಆ ಎಲ್ಲ ಮನೆಗಳಿಗೂ ಕೊಟ್ಟಿದ್ದೇನೆ.

ಚಾಕುವಿನ ವಿಷಯ. ಮಾರ್ಚ್ 19ರಂದು ನನ್ನ ಕೈಯಲ್ಲಿ ಚಾಕು ಇಲ್ಲದೆ ಒಂದು ಕರು ಸತ್ತಿತು. ಹಗ್ಗ, ಮೂಟೆ, ಹೊಲಿಗೆ, ಗೂಟ ಇವುಗಳ ನಡುವೆ ದಿನವಿಡೀ ಇರುವವರ ಜೇಬಿನಲ್ಲಿ ಚಾಕು ಇರಬೇಕು. ಗಂಡಸರ ಜೇಬಿನಲ್ಲಿ ಇದೆ, ತಾವು ಕೇಳಿಲ್ಲ. ನನ್ನ ಜೇಬಿನಲ್ಲೂ ಇದೆ, ಕೇಳದಿದ್ದರೂ ಹೇಳುತ್ತಿದ್ದೇನೆ. ಮೂರು ಅಂಗುಲದ ಅಲಗು, ಕಿತ್ತಳೆ ಹಿಡಿ. ಮುಚ್ಚಿಟ್ಟುಕೊಂಡು ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಆರೂವರೆಗೆ ಎಂದಿನಂತೆ ಕೆಲಸಕ್ಕೆ ಹೊರಡುತ್ತೇನೆ. ಬರಬೇಡ ಎನ್ನುವುದಾದರೆ ಕಾರಣವನ್ನು ತಮ್ಮ ಕೈಯಾರೆ ಬರೆದು, ಕೆಳಗೆ ಸಹಿ ಮಾಡಿ ಕೊಡಿ. ಈ ಮೂರು ತಿಂಗಳು ನನ್ನಿಂದ ಕೇಳಿದ್ದೂ ಅಷ್ಟೇ ಅಲ್ಲವೇ?

ರಂಜಿತ ಬಿ.ಎಲ್.

ದೊಡ್ಡಮ್ಮ, ಇದು ನಕಲು. ತಿದ್ದಬೇಡ, ಕಳಿಸಿಯಾಗಿದೆ.